ಸೈಜ್ ಒಂದೇ, ಗುಣ ಬೇರೆ

ಪಿಯು ಮೊದಲ ವರ್ಷಕ್ಕೆ ಆವರ್ತಕ ಕೋಷ್ಟಕ ಹೇಳುವಾಗ ಪ್ರತಿ ವರ್ಷವೂ ಒಂದೇ ಜಾಗದಲ್ಲಿ ಗಲಾಟೆ. ಸೋಡಿಯಂನಿಂದ ಕ್ಲೋರಿನ್ ಕಡೆಗೆ ಹೋದಂತೆ ಪ್ರೋಟಾನೂ ಜಾಸ್ತಿ, ಎಲೆಕ್ಟ್ರಾನೂ ಜಾಸ್ತಿ. ಆದರೆ ಪರಮಾಣು ಸಣ್ಣದಾಗುತ್ತಾ ಹೋಗುತ್ತದೆ. "ಸರ್, ತುಂಬಿದಷ್ಟೂ ಚೀಲ ಉಬ್ಬಬೇಕಲ್ರೀ?" ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ನನಗೆ ಆ ಪ್ರಶ್ನೆ ಇಷ್ಟ.

ಹೊಸ ಎಲೆಕ್ಟ್ರಾನ್‌ಗಳೆಲ್ಲ ಹೋಗಿ ಕೂರುವುದು ಅದೇ ಮೂರನೇ ಕವಚದಲ್ಲಿ. ಒಂದೇ ಕವಚದಲ್ಲಿರುವವು ನ್ಯೂಕ್ಲಿಯಸ್ಸಿನ ಸೆಳೆತವನ್ನು ಒಂದಕ್ಕೊಂದು ಅಷ್ಟಾಗಿ ತಡೆಯುವುದಿಲ್ಲ. ಇತ್ತ ಪ್ರೋಟಾನ್ 11ರಿಂದ 17ಕ್ಕೆ ಏರುತ್ತದೆ. ಸೆಳೆತ ಗೆಲ್ಲುತ್ತದೆ. ಸೋಡಿಯಂ ಪರಮಾಣುವಿನ ತ್ರಿಜ್ಯ 186 ಪಿಕೋಮೀಟರ್, ಕ್ಲೋರಿನ್‌ನದು ಬರೀ 99. (ಪಿಕೋಮೀಟರ್ ಅಂದರೆ ಮಿಲಿಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.)

ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಅಥವಾ ಪಡೆದು ಚಾರ್ಜ್ ಬಂದ ಪರಮಾಣು, ಆದಾಗ ಲೆಕ್ಕ ಪೂರ್ತಿ ಉಲ್ಟಾ. ಸೋಡಿಯಂ ತನ್ನ ಹೊರಗಿನ ಒಂದೇ ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಮೂರನೇ ಕವಚವೇ ಖಾಲಿ. 186 ಇದ್ದದ್ದು 102ಕ್ಕೆ ಇಳಿಯುತ್ತದೆ. ಕ್ಲೋರಿನ್ ಒಂದು ಎಲೆಕ್ಟ್ರಾನ್ ತೆಗೆದುಕೊಂಡು 181 ಆಗುತ್ತದೆ. ಪಠ್ಯದಲ್ಲಿ ಸೋಡಿಯಂ ಅಯಾನಿಗೆ 95 ಅಂತಲೂ ಬರುತ್ತದೆ, ಅದು ವಿಜ್ಞಾನಿ ಪೌಲಿಂಗ್ ಹಾಕಿದ ಲೆಕ್ಕ. 102 ಅನ್ನೋದು ಶಾನನ್ ಅನ್ನೋ ವಿಜ್ಞಾನಿ 1976ರಲ್ಲಿ ಕೊಟ್ಟ ಅಯಾನು ತ್ರಿಜ್ಯಗಳ ಪಟ್ಟಿಯದು. ಅಯಾನಿಗೆ ಗೆರೆ ಎಳೆದಂಥ ಅಂಚಿಲ್ಲ, ಅಳೆಯುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅದೇ ಪಟ್ಟಿಯಲ್ಲಿ ಕ್ಯಾಲ್ಸಿಯಂ ಅಯಾನು 100. ಸೋಡಿಯಂಗೂ ಅದಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬಹುದು, ಅಲ್ವಾ? ಇಲ್ಲಿ ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಕುಡಿದು ಸವಳು-ಜವಳಾದ, ಅಂದರೆ ಉಪ್ಪು ಹತ್ತಿ ನೀರು ನಿಲ್ಲುವ, ಎರೆ ಹೊಲಗಳಿವೆ. ಈ ಎರಡು ಅಯಾನುಗಳ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅಲ್ಲಿ ಗೊತ್ತಾಗುತ್ತದೆ.

ಎರೆ ಮಣ್ಣಿನ ಜೇಡಿ ಕಣಗಳು ತೆಳು ಹಾಳೆಯಂಥವು, ಮೈಮೇಲೆ ಋಣ ಚಾರ್ಜ್. ಕ್ಯಾಲ್ಸಿಯಂ ಮೇಲೆ ಎರಡು ಧನ ಚಾರ್ಜ್ ಇರುವುದರಿಂದ ಕಣಗಳನ್ನು ಹತ್ತಿರ ಎಳೆದು ಹೆಂಟೆ ಕಟ್ಟಿಸುತ್ತದೆ. ನೀರು ಇಳಿಯಲು ಸಂದು ಉಳಿಯುತ್ತದೆ. ಸೋಡಿಯಂನದು ಒಂದೇ ಚಾರ್ಜ್. ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡು ಸಡಿಲವಾಗಿ ನಿಲ್ಲುತ್ತದೆ, ಕಣಗಳನ್ನು ಹಿಡಿದಿಡುವುದಿಲ್ಲ. ಅವು ಬಿಡಿಬಿಡಿಯಾಗಿ ಸಂದು ಮುಚ್ಚುತ್ತವೆ. ಆಮೇಲೆ ಮೇಲೆ ನೀರು ನಿಂತಿರುತ್ತದೆ, ಬೇರಿಗೆ ಉಸಿರಿಲ್ಲ. ಒಣಗಿದರೆ ಬಿರುಸು ಹೆಪ್ಪು.

ಈ ನೀರಿನ ಹೊದಿಕೆ ಪಾಠದ ಪಟ್ಟಿಯನ್ನೇ ತಲೆಕೆಳಗು ಮಾಡುತ್ತದೆ. ಒಣಗಿದ್ದಾಗ ಲಿಥಿಯಂ ಅಯಾನು 76, ಸೋಡಿಯಂ 102, ಪೊಟ್ಯಾಸಿಯಂ 138. ನೀರಿಗೆ ಬಿದ್ದರೆ ಲಿಥಿಯಂದೇ ದೊಡ್ಡ ಮೈ, ಪೊಟ್ಯಾಸಿಯಂದು ಸಣ್ಣದು. ಸಣ್ಣ ಅಯಾನಿನ ಚಾರ್ಜ್ ಚಿಕ್ಕ ಜಾಗದಲ್ಲಿ ಒತ್ತಾಗಿರುವುದರಿಂದ ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಪೊಟ್ಯಾಸಿಯಂ ತನ್ನ ನೀರನ್ನು ಸುಲಭವಾಗಿ ಕಳಚುತ್ತದೆ. ಕೆಲವು ಜೇಡಿಗಳ ಹಾಳೆಗಳ ನಡುವಿನ ಗುಳಿಗೆ ಸರಿಯಾಗಿ ಕೂತು ಸಿಕ್ಕಿಕೊಳ್ಳುತ್ತದೆ. ಯೂರಿಯಾದಿಂದ ಬರುವ ಅಮೋನಿಯಂ ಕೂಡ ಹೆಚ್ಚುಕಮ್ಮಿ ಅದೇ ಸೈಜು, ಅದಕ್ಕೂ ಅದೇ ಗತಿ. ಪರೀಕ್ಷೆಗೆ ಇದು ಬರುವುದಿಲ್ಲ, ಆದರೂ ನಾನು ಹೇಳುತ್ತೇನೆ.

ನಮ್ಮ ಕಾಕಾಂದು ಕಾಲುವೆ ಕೊನೆಯ ಹೊಲ. "ಜಿಪ್ಸಂ ಹಾಕಿದ್ರ ಉಪ್ಪು ಎಲ್ಲಿ ಹೋಗ್ತೈತೋ ತಮ್ಮಾ?" ಅಂತ ಕೇಳಿದ. ಸರಿಯಾದ ಪ್ರಶ್ನೆ. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಒಂದು ಕ್ಯಾಲ್ಸಿಯಂ ಜೇಡಿಯ ಮೇಲಿನ ಎರಡು ಸೋಡಿಯಂಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ನೀರಿನಲ್ಲಿ ಸಲ್ಫೇಟ್ ಜೊತೆ ಇರುತ್ತದೆ, ಮಾಯವಾಗುವುದಿಲ್ಲ. ಒಳ್ಳೆ ನೀರು ಕಟ್ಟಿ ಅದನ್ನು ಕೆಳಕ್ಕೆ ತೊಳೆಯಬೇಕು, ಬಸಿಗಾಲುವೆ ಇರಬೇಕು. ಅಂಗಡಿಯವರು ಚೀಲದ ರೇಟ್ ಹೇಳುತ್ತಾರೆಯೇ ಹೊರತು ಬಸಿಗಾಲುವೆ ಮಾತು ಎತ್ತುವುದಿಲ್ಲ.

ಇನ್ನೊಂದು. ಮೇಲೆ ಬಿಳಿ ಉಪ್ಪು ಕಂಡ ಹೊಲಕ್ಕೆಲ್ಲ ಜಿಪ್ಸಂ ಬೇಕಿಲ್ಲ. ಸೋಡಿಯಂ ಪಾಲು ಕಡಿಮೆ ಇದ್ದರೆ ಬಸಿದು ತೊಳೆದರೇ ಸಾಕು, ಜಿಪ್ಸಂ ದುಡ್ಡು ದಂಡ. ಕಾಕಾನಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಲು ಹೇಳಿದ್ದೇನೆ. ಜೇಡಿ ಹಿಡಿದ ಅಯಾನುಗಳಲ್ಲಿ ಸೋಡಿಯಂ ಶೇ. 15 ದಾಟಿ, ಪಿಎಚ್ ಕೂಡ 8.5ರ ಮೇಲಿದ್ದರೆ ಆಮೇಲೆ ಜಿಪ್ಸಂ ಲೆಕ್ಕ ಹಾಕೋಣ.