ಬಿಳಿ ಚೌಕ, ಹಳದಿ ಚೌಕ

ಆಗಸ್ಟ್ ಕೊನೆಯ ಒಂದು ಬೆಳಗ್ಗೆ. ಅಮೆರಿಕದ ವಯೋಮಿಂಗ್ ರಾಜ್ಯದ ಕಾರ್ಬನ್ ಕೌಂಟಿಯಲ್ಲಿ ಪಿಕಪ್ಪಿನ ಬಾನೆಟ್ ಮೇಲೆ ನಕ್ಷೆ ಹರಡಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲು ಹೇರಿದ್ದೆವು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಜಮೀನು ಗುತ್ತಿಗೆ ಹಿಡಿಯುವ ಮುಂಚೆ ಒಂದು ದಿನವಿಡೀ ಅದನ್ನು ನಡೆದು ನೋಡಲೇಬೇಕು. ರ‍್ಯಾಂಚಿನ ಯಜಮಾನರು ಕೈ ಬೀಸಿ, "ಆ ದಿಬ್ಬದಿಂದ ಈ ಹಳ್ಳದವರೆಗೆ, ಒಂಬತ್ತು ಸೆಕ್ಷನ್" ಎಂದರು. ಒಂದು ಸೆಕ್ಷನ್ ಅಂದರೆ ಒಂದು ಚದರ ಮೈಲಿ, 640 ಎಕರೆ. ಒಟ್ಟು 5,760 ಎಕರೆ ಆಯಿತು.

ನಕ್ಷೆಯ ಲೆಕ್ಕ ಬೇರೆಯಿತ್ತು. ಬಿಎಲ್‌ಎಂ, ಅಂದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಜಮೀನು ನೋಡಿಕೊಳ್ಳುವ ಇಲಾಖೆ. ಅದರ ನಕ್ಷೆಯಲ್ಲಿ ಖಾಸಗಿ ಜಮೀನು ಬಿಳಿ, ಬಿಎಲ್‌ಎಂನದು ಹಳದಿ, ರಾಜ್ಯದ್ದು ತಿಳಿನೀಲಿ. ಒಂಬತ್ತರಲ್ಲಿ ಐದು ಬಿಳಿ, ನಾಲ್ಕು ಹಳದಿ, ಚದುರಂಗದ ಮಣೆಯ ಹಾಗೆ. 1862ರ ಕಾಯ್ದೆಯಿಂದ ಶುರುವಾಗಿ ರೈಲು ಕಂಪನಿಗಳಿಗೆ ಒಂದು ಬಿಟ್ಟು ಒಂದು ಚೌಕ ಕೊಟ್ಟುಕೊಂಡು ಹೋದದ್ದರ ಗುರುತು ಅದು. ಹಳದಿ ಚೌಕಗಳಲ್ಲಿ ಯಜಮಾನರಿಗಿರುವುದು ದನ ಮೇಯಿಸುವ ಪರ್ಮಿಟ್ ಅಷ್ಟೇ, ಅಲ್ಲಿನ ಬೇಟೆಯನ್ನು ಅವರು ಗುತ್ತಿಗೆಗೆ ಕೊಡುವಂತಿಲ್ಲ. ಇದು ಮೋಸವಲ್ಲ. ವರ್ಷಗಟ್ಟಲೆ ಅಲ್ಲೇ ದನ ಅಟ್ಟಿದವರಿಗೆ ಬೇಲಿಯೊಳಗಿನದೆಲ್ಲ ತಮ್ಮದೇ ಅನ್ನಿಸಿಬಿಟ್ಟಿರುತ್ತದೆ. ದುಡ್ಡು ಕೊಡಬೇಕಾದದ್ದು 3,200 ಎಕರೆಗೆ.

ಮೊದಲು, ಸುತ್ತ ಖಾಸಗಿ ಜಮೀನಿದ್ದರೆ ನಡುವಿನ ಹಳದಿ ಚೌಕಕ್ಕೆ ಬೇರೆಯವರು ಬರಲಾಗದು, ಅದೂ ಪುಕ್ಕಟೆ ಸಿಕ್ಕಂತೆಯೇ ಎಂದು ಬೆಲೆ ಏರಿಸುತ್ತಿದ್ದರು. ಇದೇ ಕೌಂಟಿಯ ಎಲ್ಕ್ ಮೌಂಟನ್ ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ನಿಂತಿತು. ಖಾಸಗಿ ನೆಲ ಮುಟ್ಟದೆ ಹಳದಿಯ ಮೂಲೆಯಿಂದ ಹಳದಿಯ ಮೂಲೆಗೆ ಕಾಲು ದಾಟಿಸುವವರನ್ನು ತಡೆಯುವಂತಿಲ್ಲ ಎಂದಿತು. ಆ ಲೆಕ್ಕದ ಬೆಲೆಗೆ ಈಗ ಅರ್ಥವಿಲ್ಲ. ನೆರೆಯ ಮೊಂಟಾನಾ, ಐಡಾಹೊ ರಾಜ್ಯಗಳು ಬೇರೆ ಸರ್ಕಿಟ್‌ಗೆ, ಅಂದರೆ ಬೇರೆ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ ಸೇರಿದವು. ಅಲ್ಲಿ ಈ ತೀರ್ಪನ್ನು ನೆಚ್ಚಿಕೊಂಡು ಕಾಲಿಡಬಾರದು. ನಮ್ಮ ಕ್ರಯಪತ್ರದ ಚಕ್ಕುಬಂದಿಯ ಹಾಗೆ ಇಲ್ಲಿಯೂ ಸರ್ವೆಯಲ್ಲಿ ಚೌಕ ಗುರುತಿಸುವ ಟೌನ್‌ಶಿಪ್, ರೇಂಜ್, ಸೆಕ್ಷನ್ ನಂಬರು ಬರೆಸಿ, ಕೌಂಟಿ ದಾಖಲೆಯೊಂದಿಗೆ ತಾಳೆ ನೋಡಬೇಕು. "ಹಳ್ಳದವರೆಗೆ" ಅನ್ನುವ ಮಾತು ಕಾಗದದಲ್ಲಿ ಇರಲೇಕೂಡದು.

ಮಧ್ಯಾಹ್ನದವರೆಗೆ ನಡಿಗೆ. ಬೇಸಿಗೆಯಲ್ಲಿ ಕಂಡ ಎಲ್ಕ್ ಅಕ್ಟೋಬರಿನಲ್ಲೂ ಅಲ್ಲೇ ಇರುತ್ತದೆಂದು ನಂಬಿ ದುಡ್ಡು ಕಳೆದುಕೊಂಡವರು ಬಹಳ. ಹಿಕ್ಕೆ ನೋಡಬೇಕು. ಹಸಿ ಹುಲ್ಲಿನ ಕಾಲದ್ದು ಮೆತ್ತಗೆ, ಮುದ್ದೆಮುದ್ದೆಯಾಗಿ, ಹೆಚ್ಚುಕಡಿಮೆ ಸಗಣಿಯಂತೆ ಬಿದ್ದಿರುತ್ತದೆ; ಒಣಮೇವಿನ ಕಾಲದ್ದು ಗಟ್ಟಿ ಉಂಡೆ. ಮೇಲಿನ ಆಸ್ಪೆನ್ ತೋಪಿನ ತುಂಬ ಮುದ್ದೆ, ಕೆಳಗಿನ ಸೇಜ್ ಪೊದೆಗಳ ನಡುವೆ ಕಳೆದ ಸಲದ ಬಿಳಿಚಿದ ಉಂಡೆ. ಹಿಮ ಬಿದ್ದ ಮೇಲೆ ಹಿಂಡು ಇಳಿಯುವುದು ಅಲ್ಲಿಗೆ. ಆ ಸೇಜ್ ಚೌಕ ಹಳದಿ!

ಗೇಟುಗಳದ್ದು ಪ್ರತ್ಯೇಕ ಪಾಠ. ಇಲ್ಲಿನ ತಂತಿ ಗೇಟು ನಮ್ಮ ಮಲೆನಾಡಿನ ಉಣುಗೋಲಿಗಿಂತ ಮೊಂಡು. ಕೊನೆಯ ಗೂಟದ ಬುಡವನ್ನು ಮೊದಲು ಕೆಳಗಿನ ತಂತಿ ಕುಣಿಕೆಗೆ ತೂರಿಸಬೇಕು. ಆಮೇಲೆ ಕಂಬವನ್ನೂ ಗೂಟವನ್ನೂ ಸೇರಿಸಿ ತಬ್ಬಿ, ಭುಜ ಕೊಟ್ಟು ಎಳೆದು, ಮೇಲಿನ ಕುಣಿಕೆ ಹಾಕಬೇಕು. ಮೇಲಿನದನ್ನು ಮೊದಲು ಹಾಕಲು ಹೋದರೆ ಬುಡ ಜಾರಿ ಮುಳ್ಳುತಂತಿ ಕೈ ಸೀಳುತ್ತದೆ. ಸೋತು ಹಾಗೇ ಬಿಟ್ಟು ಹೋದರೆ ಸಂಜೆಗೆ ನಲವತ್ತು ಹಸು ಪಕ್ಕದವರ ಅಲ್ಫಾಲ್ಫಾ ಮೇವಿನ ಹೊಲದಲ್ಲಿರುತ್ತವೆ, ಮುಂದಿನ ವರ್ಷ ಗುತ್ತಿಗೆ ಇರುವುದಿಲ್ಲ. ದಾರಿಯೂ ಅಷ್ಟೇ: ಒದ್ದೆಯಾದಾಗ ಇಲ್ಲಿನ ಜೇಡಿ ಟೈರಿಗೆ ಅಂಟಿಕೊಂಡು ಬರುತ್ತದೆ, ಬಿದ್ದ ಗಾಲಿಪಟ್ಟೆ ವರ್ಷಗಟ್ಟಲೆ ಮಾಸದು. ಮಳೆಯ ಮರುದಿನ ನೆಲ ಹೆಪ್ಪುಗಟ್ಟಿರುವ ನಸುಕಿನಲ್ಲೇ ಗಾಡಿ, ಕರಗಿದ ಮೇಲೆ ಕಾಲ್ನಡಿಗೆ.

ಊಟವಾದ ಮೇಲೆ ಕರಾರಿನ ಮಾತು. ಪ್ರಾಣಿ ಯಜಮಾನರದ್ದಲ್ಲ, ರಾಜ್ಯದ್ದು. ಗುತ್ತಿಗೆಯಿಂದ ಸಿಗುವುದು ಒಳಗೆ ಕಾಲಿಡುವ ಹಕ್ಕು. ಲೈಸೆನ್ಸ್ ಬೇರೆ. ಹೊರರಾಜ್ಯದವರು ಎಲ್ಕ್ ಲೈಸೆನ್ಸಿನ ಲಾಟರಿಗೆ ವರ್ಷದ ಆರಂಭದಲ್ಲೇ ಅರ್ಜಿ ಹಾಕಿರಬೇಕು. ಲಾಟರಿ ಹತ್ತದಿದ್ದರೆ ಮುಂಗಡ ವಾಪಸೋ ಮುಂದಿನ ಸಾಲಿಗೋ ಎಂಬುದನ್ನು ಕಾಗದದಲ್ಲಿ ಹಾಕಿಸದೆ ಸಹಿ ಮಾಡಬಾರದು. ದುಡ್ಡು ತೆಗೆದುಕೊಳ್ಳದೆ ಜನರನ್ನು ಬಿಟ್ಟುಕೊಂಡ ಯಜಮಾನರಿಗೆ ಅಪಘಾತದ ಹೊಣೆಯಿಂದ ಕಾನೂನಿನ ರಕ್ಷಣೆಯಿದೆ, ಬಾಡಿಗೆ ಪಡೆದರೆ ಅದು ಸಡಿಲವಾಗುತ್ತದೆ. ಅದಕ್ಕೇ 10 ಲಕ್ಷ ಡಾಲರಿನ ಹೊಣೆ ವಿಮೆ ಮಾಡಿಸಿ ಯಜಮಾನರ ಹೆಸರನ್ನೂ ಅದರಲ್ಲಿ ಸೇರಿಸಿ ಎನ್ನುತ್ತಾರೆ. ಗುಂಪಿನವರು ಖರ್ಚು ಹಂಚಿಕೊಳ್ಳಬಹುದು, ಆದರೆ ಜಾಗ ಹಿಡಿದವನು ಲಾಭಕ್ಕೆ ಬೇಟೆ ಮಾಡಿಸಲು ಇಳಿದರೆ ಔಟ್‌ಫಿಟರ್ ಲೈಸೆನ್ಸ್ ಬೇಕು.

ಮರೆತುಹೋಗುವುದು ಮಾಂಸದ ವಿಚಾರ. ದೊಡ್ಡ ಗಂಡು ಎಲ್ಕ್‌ನಿಂದ ಮೂಳೆ ಬಿಡಿಸಿದ ಮಾಂಸವೇ 80–90 ಕಿಲೋ. ಅದನ್ನು ಹೊರತರಲು ಗಾಡಿ ಎಲ್ಲಿಯವರೆಗೆ ಹೋಗಬಹುದು, ಮೂಳೆ–ತ್ಯಾಜ್ಯ ಎಲ್ಲಿ ಹಾಕಬೇಕು, ಎರಡನ್ನೂ ಬರೆಸಬೇಕು. ಗುಂಡು ತಗುಲಿದ ಪ್ರಾಣಿ ಬೇಲಿ ಹಾರಿ ನೆರೆಯವರ ಜಮೀನಿಗೆ ಬಿದ್ದರೆ ಅವರ ಅನುಮತಿ ಇಲ್ಲದೆ ಹೋಗುವಂತಿಲ್ಲ; ನೆರೆಯವರ ಫೋನ್ ನಂಬರ್ ಬೇಟೆಯ ಮೊದಲೇ ಜೇಬಿನಲ್ಲಿರಲಿ. ಬೆಟ್ಟದ ಮೇಲೆ ಸಿಗ್ನಲ್ ಸಿಗುವ ಜಾಗ ಯಾವುದು ಎಂದೂ ಅವತ್ತೇ ನೋಡಿಕೊಂಡೆವು, ಇದ್ದದ್ದು ಒಂದೇ ಒಂದು ದಿಬ್ಬ.

ಸಹಿ ಹಾಕುವ ಹೊತ್ತಿಗೆ ಯಜಮಾನರು ಪೆನ್ನು ಹಿಡಿದು, "ನನ್ನ ದನ ಬೆಟ್ಟದಿಂದ ಇಳಿಯೋದು ಅಕ್ಟೋಬರ್ 15ಕ್ಕೆ" ಎಂದರು. ನಮ್ಮ ದಿನಗಳು 1ರಿಂದ ಶುರು. ಕುದುರೆ, ನಾಯಿ, ನಾಲ್ಕಾರು ಜನ ದನ ಅಟ್ಟುತ್ತಿರುವ ಬೆಟ್ಟದಲ್ಲಿ ಎಲ್ಕ್ ನಿಲ್ಲುವುದಿಲ್ಲ. ಮೊದಲ ಎರಡು ವಾರವನ್ನು ಕರಾರಿನಿಂದ ಹೊಡೆದುಹಾಕಿ, ಬಿಳಿ ಚೌಕಗಳಿಗೆ ಮತ್ತೆ ಬೆಲೆ ಕಟ್ಟಿದೆವು.