ಹುರುಳಿಕಾಳು

ನಿನ್ನೆ ಹೊಳೆನರಸೀಪುರದ ಕಡೆ ಹೋಗಿ ಹೊಲದ ಬದಿ ಮಳೆನೀರು ಕೊರೆದಿರೋ ಕೊರಕಲಲ್ಲಿ ಕೂತ್ಕೊಂಡು ಮಣ್ಣು ಕೆದಕಿದ್ದೇ ಕೆದಕಿದ್ದು. ಅಲ್ಲಿ ಮಿಣಮಿಣ ಅನ್ನೋ ಪದರ ಪದರ ಶಿಸ್ಟ್ ಕಲ್ಲು ಸವೆದು ಪುಡಿಯಾಗತ್ತೆ, ಒಳಗಿರೋ ಗಾರ್ನೆಟ್ ಅನ್ನೋ ಕೆಂಪು ಹರಳು ಗಟ್ಟಿ, ಅದು ಮಾತ್ರ ಉಳ್ಕೊಂಡು ಉದುರತ್ತೆ, ಆರಿಸ್ಕೊಳ್ಳೋದಷ್ಟೇ.

ಬೆಳಗ್ಗೆ ಟೀ ಸೋಸೋ ಜರಡೀಲಿ ತೊಳೆದು ತಟ್ಟೇಲಿ ಒಣಗೋಕಿಟ್ಟು ಸ್ನಾನಕ್ಕೆ ಹೋದೆ. ಬರೋಷ್ಟರಲ್ಲಿ ಅಮ್ಮ ಕನ್ನಡಕ ಹಾಕ್ಕೊಳ್ದೆ ಹುರುಳಿಕಾಳು ಅಂತ ಪಾತ್ರೇಲಿ ನೆನೆಯಾಕಿಬಿಟ್ಟಿದಾರೆ 😄

300 ಕೋಟಿ ವರ್ಷಕ್ಕೂ ಹಳೇ ಬಂಡೆಯಂತೆ ಅದು. ನಾಳೆ ಮೊಳಕೆ ಬರತ್ತಾ ನೋಡ್ಬೇಕು.

ಅದ್ರಲ್ಲಿ ಒಂದು ಮಾತ್ರ ಕಡಲೆಕಾಳಿನಷ್ಟು ದಪ್ಪ. ಕಂದುಗೆಂಪು, ಕಿಟಕಿ ಹತ್ರ ಹಿಡಿದ್ರೂ ಬೆಳಕು ದಾಟಲ್ಲ, ಒಡವೆ ಅಂಗಡಿಯವ್ರು ಮೂಸಿನೂ ನೋಡಲ್ಲ. ಆದ್ರೆ ಮೈಮೇಲೆ ಇಸ್ಪೀಟೆಲೆ ಡೈಮಂಡ್ ಆಕಾರದ ಮುಖಗಳು, ಪೂರ್ತಿ ಇದ್ರೆ 12, ನಾನು ಎಣಿಸಿದ್ದು 9, ಉಳಿದಿದ್ದು ಸವೆದೋಗಿದೆ. ಯಾರೂ ಉಜ್ಜಿದ್ದಲ್ಲ ಕಣ್ರೀ, ಭೂಮಿ ಒಳಗೆ ತಾನೇ ಹಂಗೆ ಬೆಳೆದಿದ್ದು.

ಅಕ್ಕೀಲಿ ಕಲ್ಲು ಆರಿಸಿ ಬಿಸಾಕು ಅಂತ ಚಿಕ್ಕೋರಿದ್ದಾಗ ಮೊರ ಕೊಟ್ಟು ಕೂರಿಸ್ತಿದ್ರಲ್ಲ, ಆ ಟ್ರೈನಿಂಗೇ ಈಗ ಉಲ್ಟಾ ಕೆಲ್ಸಕ್ಕೆ ಬರ್ತಿದೆ ಅನ್ಸತ್ತೆ.

ಸಾರಿಗೆ ಬೇರೆ ಹುರುಳಿ ತರಕ್ಕೆ ಅಂಗಡಿಗೆ ಹೊರಟಿದೀನಿ.