ಅಮೆರಿಕದ ಯೂಟಾ ರಾಜ್ಯದ ಟೋಪಾಜ್ ಮೌಂಟನ್‌ಗೆ ಹೋಗ್ತಿದ್ದೀರಾ? ಹರಳು ಹೆಕ್ಕೋದೋ, ಬಂಡೆ ಒಡೆಯೋದೋ ಮೊದಲು ನಿರ್ಧರಿಸಿ

ಈ ಬೆಟ್ಟದಲ್ಲಿ ಟೋಪಾಜ್ ಎಂಬ ರತ್ನದ ಹರಳು ಸಿಗುತ್ತದೆ. ನಿಮಗೆ ಬಣ್ಣವಿಲ್ಲದ ಬಿಳಿ ಹರಳು ಸಾಕೋ, ಜೇನುಬಣ್ಣದ್ದೇ ಬೇಕೋ? ಹೊರಡುವ ಮೊದಲೇ ಇದನ್ನು ತೀರ್ಮಾನಿಸಿ. ಬಿಳಿಯದು ಸಾಕು ಅಂದ್ರೆ ಸುತ್ತಿಗೆಯೇ ಬೇಡ.

ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಇಲ್ಲಿ ಉಕ್ಕಿದ ಲಾವಾ ತಣಿದು ರಯೋಲೈಟ್ ಕಲ್ಲಾಯಿತು. ಟೋಪಾಜ್ ಆಗಲು ಬೇಕಾದ ಫ್ಲೋರಿನ್ ಅದರಲ್ಲಿ ಜಾಸ್ತಿ ಇತ್ತು. ಕಲ್ಲು ಗಟ್ಟಿಯಾಗುವಾಗ ಅನಿಲ ಒಳಗೇ ಸಿಕ್ಕಿಕೊಂಡು ಪೊಟರೆಗಳಾದವು, ಆ ಪೊಟರೆಗಳ ಗೋಡೆಗೆ ಅಂಟಿಕೊಂಡೇ ಟೋಪಾಜ್ ಬೆಳೆಯಿತು. ಕತ್ತಲಲ್ಲಿ ಇರುವವರೆಗೆ ಅದು ಜೇನುಬಣ್ಣ. ಬಂಡೆ ಸವೆದು ಹೊರಗೆ ಬಿದ್ದು ಬಿಸಿಲು ತಗುಲಿತೋ, ಬಣ್ಣ ಹೋಯಿತು. ಹಾಗಾಗಿ ಒಣ ಹಳ್ಳದ ಮರಳಿನಲ್ಲಿ ಸಿಗುವುದು ಬಣ್ಣ ಕಳೆದುಕೊಂಡ ಹರಳೇ.

ಹೆಕ್ಕುವವರು ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ, ಸೂರ್ಯನಿಗೆ ಎದುರಾಗಿ ನಿಧಾನಕ್ಕೆ ನಡೆಯಿರಿ. ಮಿಣಕ್ ಅಂದಲ್ಲಿ ಬಗ್ಗಿ. ಮಕ್ಕಳಿದ್ದರೆ ಇದೇ ಒಳ್ಳೆಯದು. ಹೆಚ್ಚಿನವು ಉಗುರಿಗಿಂತ ಚಿಕ್ಕವು, ಉಂಗುರ ಮಾಡಿಸುವ ಆಸೆ ಬಿಟ್ಟುಬಿಡಿ.

ಒಡೆಯುವವರು ತೂತುತೂತಾಗಿರುವ ಬಂಡೆ ಹುಡುಕಬೇಕು. ಟೋಪಾಜ್ ಗಡಸುತನ (ಗೀರು ತಡೆಯುವ ಗುಣ) 10ಕ್ಕೆ 8, ಸ್ಫಟಿಕವನ್ನೂ ಗೀರುತ್ತದೆ, ಆದರೆ ಒಂದು ದಿಕ್ಕಿನಲ್ಲಿ ಏಟು ಬಿದ್ದರೆ ನೀಟಾಗಿ ಸೀಳಿಹೋಗುತ್ತದೆ. ಗಡಸು ಅಂದ್ರೆ ಗಟ್ಟಿ ಅಂತಲ್ಲ! ಉಳಿಯನ್ನು ಪೊಟರೆಯ ಪಕ್ಕಕ್ಕೇ ಇಡಬೇಡಿ, ಸ್ವಲ್ಪ ದೂರ ಇಟ್ಟು ಹೊಡೆಯಿರಿ. ರಯೋಲೈಟ್ ಚೂರು ಗಾಜಿನ ಹಾಗೆ ಹಾರುತ್ತದೆ, ಆದ್ದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಸುತ್ತಿಗೆ ಎತ್ತಲೇಬೇಡಿ. ಜೇನುಬಣ್ಣದ ಹರಳು ಸಿಕ್ಕ ತಕ್ಷಣ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಮನೆಯಲ್ಲೂ ಕಿಟಕಿ ಹತ್ತಿರ ಇಡಬೇಡಿ.

ಡೆಲ್ಟಾ ಊರಿನಿಂದ 6ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, 174ನೇ ರಸ್ತೆಗೆ ಎಡಕ್ಕೆ ತಿರುಗಿ. ಅದು ಟಾರು ರಸ್ತೆ, ಕೊನೆಯಲ್ಲಿ ಮಾತ್ರ ಮಣ್ಣು. ಪೆಟ್ರೋಲು, ನೀರು, ಊಟ ಎಲ್ಲ ಡೆಲ್ಟಾದಲ್ಲೇ ಮುಗಿಸಿಕೊಳ್ಳಿ. ಬೆಟ್ಟದಲ್ಲಿ ನೀರಿಲ್ಲ, ನೆರಳಂತೂ ಕೇಳಲೇಬೇಡಿ. ಕಡು ಬೇಸಿಗೆ ಬಿಟ್ಟು ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ನೋಡಿ. ಹಾವು ಚೇಳು ಇವೆ, ಕಲ್ಲಿನ ಸಂದಿಗೆ ಸುಮ್ನೆ ಕೈ ಹಾಕಬೇಡಿ.

ಸ್ವಂತಕ್ಕೆ ಅಂತ ಸ್ವಲ್ಪ ಹರಳು ಆರಿಸಿಕೊಳ್ಳಲು ಸಾರ್ವಜನಿಕ ಜಾಗವಿದೆ, ಆದರೆ ಸುತ್ತಮುತ್ತ ಗಣಿ ಹಕ್ಕು ಪಡೆದವರ ಜಾಗಗಳೂ ಇವೆ. ಗುರುತಿನ ಕಂಬ, ಬೋರ್ಡು ಕಂಡರೆ ಆಚೆ ಸರಿಯಿರಿ.

ಅದೇ 174ನೇ ರಸ್ತೆಯ ಕಡೆಗೆ ಸ್ಪೋರ್ ಮೌಂಟನ್ ಗಣಿ ಇದೆ, ಅಲ್ಲಿ ತೆಗೆಯುವುದು ಬೆರಿಲಿಯಂ ಎಂಬ ಹಗುರ ಲೋಹದ ಅದಿರು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿಗಳ ಬೆರಿಲಿಯಂ ಯೂಟಾದ ಈ ಗಣಿಯದ್ದೇ. ನನಗಂತೂ ಟೋಪಾಜಿಗಿಂತ ಇದೇ ದೊಡ್ಡ ಅಚ್ಚರಿ. ಕೆಂಪು ಬೆರಿಲ್ ಎಂಬ ಅಪರೂಪದ ರತ್ನ ಮೊದಲು ಸಿಕ್ಕಿದ್ದೂ ಟೋಪಾಜ್ ಮೌಂಟನ್ ಇರುವ ಈ ಥಾಮಸ್ ಬೆಟ್ಟಸಾಲಿನಲ್ಲೇ, 1904ರಲ್ಲಿ, ಖನಿಜ ಹುಡುಕುತ್ತಿದ್ದ ಮೇನಾರ್ಡ್ ಬಿಕ್ಸ್‌ಬಿ ಅವರಿಗೆ. ನಿಮಗೂ ಸಿಗುತ್ತದೆ ಅಂದುಕೊಂಡು ಹೋಗಬೇಡಿ.

ವಾಪಸ್ ಬರುವಾಗ ಡೆಲ್ಟಾದ ಟೋಪಾಜ್ ಮ್ಯೂಸಿಯಂಗೆ ಸಮಯ ಇಟ್ಟುಕೊಳ್ಳಿ. ಅದು ಹರಳಿನದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಶಿಬಿರದ್ದು, ಆ ಶಿಬಿರಕ್ಕೆ ಇದೇ ಬೆಟ್ಟದ ಹೆಸರು ಇಟ್ಟಿದ್ದರು. ಬಾಗಿಲು ಹಾಕುವ ಹೊತ್ತನ್ನು ಬೆಟ್ಟಕ್ಕೆ ಹೋಗುವಾಗಲೇ ವಿಚಾರಿಸಿಕೊಳ್ಳಿ.